ಒಲೆಯ ಎಡಕ್ಕಿದ್ದ ಸ್ಪೀಕರ್

ಅಟ್ಟೂರಿನ ರಿಪೇರಿ ಅಂಗಡಿಯಲ್ಲಿ ಇವತ್ತು ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ನಮ್ಮ ಹಳೆಯ ಟೇಪ್ ರೆಕಾರ್ಡರ್ ಬಿಚ್ಚಿದ್ದ ಮೆಕ್ಯಾನಿಕ್ ನಕ್ಕ. "ಯಾರ್ ಸಾರ್ ಇದನ್ನ ಕೆಡಿಸಿರೋದು? ಎರಡು ಸ್ಪೀಕರ್ ಸೌಂಡನ್ನೂ ಒಂದಕ್ಕೇ ಸೇರಿಸ್ಬಿಟ್ಟಿದಾರೆ!"

ಕೆಡಿಸಿದ್ದು ಅಪ್ಪ. ಸೆಟ್ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ. ಹಾಡು ಒಂದು ಸ್ಪೀಕರಿನಲ್ಲಿ, ತಬಲಾ ಇನ್ನೊಂದರಲ್ಲಿ ಬರುತ್ತಿತ್ತು. ಆ ಸೋಜಿಗ ತೋರಿಸಲು ಗೆಳೆಯರನ್ನೆಲ್ಲ ಕರೆತರುತ್ತಿದ್ದೆ. ಒಂದು ಭಾನುವಾರ ಅಪ್ಪ ಬನಿಯನ್ನಿನಲ್ಲೇ ಕೂತು, ಸ್ಕ್ರೂಗಳನ್ನು ಊಟದ ತಟ್ಟೆಗೆ ಹಾಕಿಕೊಂಡು, ವೈರುಗಳನ್ನು ಕತ್ತರಿಸತೊಡಗಿದರು.

"ಬೇಡ ಅಪ್ಪಾ, ಹಾಳಾಗೋಗತ್ತೆ" ಎಂದು ಗೋಗರೆದೆ.

"ಅರ್ಧ ಹಾಡು ಕೇಳ್ಕೊಂಡು ಏನೋ ಮಾಡೋದು? ಸುಮ್ನಿರು."

ಪೂರ್ತಿ ಹಾಡು ಬರುತ್ತಿದ್ದ ಆ ಒಂದು ಸ್ಪೀಕರನ್ನು ಅಡುಗೆಮನೆಯಲ್ಲಿ, ಒಲೆಯ ಎಡಕ್ಕಿದ್ದ ಗೂಡಿನಲ್ಲಿಟ್ಟರು. ಬಂದ ನೆಂಟರಿಗೆಲ್ಲ "ನಮ್ಮಪ್ಪ ಹೊಸ ಸೆಟ್ ಕೆಡಿಸಿದ್ರು" ಎಂದು ಹೇಳಿ ನಗಿಸುತ್ತಿದ್ದೆ. ಅಪ್ಪನೂ ನಗುತ್ತಿದ್ದರು. ಅಮ್ಮ ಮಾತ್ರ ತಲೆ ತಗ್ಗಿಸಿ ಸೊಪ್ಪು ಬಿಡಿಸುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಕಿವಿ ಪರೀಕ್ಷೆಗೆ ಕರೆದೊಯ್ದೆ. ಡಾಕ್ಟರಿಗೆ ಅವಳೇ ಹೇಳಿದಳು: "ಬಲಗಿವಿ ಮದುವೆಗೆ ಮುಂಚೇನೇ ಹೋಗಿತ್ತು ಸಾರ್. ನಮ್ಮತ್ತೆಗೆ ಗೊತ್ತಾದ್ರೆ ಕಷ್ಟ ಅಂತ ಯಜಮಾನ್ರು ಯಾರ್ಗೂ ಹೇಳ್ಲಿಲ್ಲ, ಮಕ್ಕಳಿಗೂ."

"ಕಂಪನಿ ವೈರಿಂಗ್ ಥರಾನೇ ಮಾಡ್ಕೊಡ್ಲಾ ಸಾರ್?" ಮೆಕ್ಯಾನಿಕ್ ಇಕ್ಕಳ ಹಿಡಿದು ಕಾಯುತ್ತಿದ್ದ.

ಅಪ್ಪನ ಬೆಸುಗೆಗಳು ವಕ್ರವಾಗಿದ್ದವು, ಆದರೆ ಒಂದೂ ಬಿಟ್ಟಿರಲಿಲ್ಲ.

"ಬೇಡ, ಹಾಗೇ ಮುಚ್ಚಿಬಿಡಿ" ಎಂದೆ. ಅಪ್ಪ ಅಷ್ಟು ಜತನದಿಂದ ಹಾಡು ತಲುಪಿಸಿದ ಅಮ್ಮನ ಆ ಎಡಗಿವಿಗೂ ಈಗ ಏನೂ ಕೇಳಿಸುವುದಿಲ್ಲ.