ಕಷ್ಟಭತ್ಯೆ ಕೇಳಿದ ಅಕ್ಕ

ಅಕ್ಕನ ಕಾಲಲ್ಲಿ ಯಾವಾಗಲೂ ಗಂಡಸರು ಮೆಟ್ಟುವ ದಪ್ಪ ಟೈರಿನ ಚಪ್ಪಲಿ. ಅವು ಮೆಟ್ಟಿಲ ಮೇಲೆ ಕಿರ್ರೆಂದರೆ ಸಾಕು, ನಮ್ಮ ಹಿರಿಯೂರಿನ ಕಚೇರಿಯಲ್ಲಿ ಎಲ್ಲರ ಬೆನ್ನೂ ನೆಟ್ಟಗಾಗುತ್ತಿತ್ತು. ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವ ಮನೆಯ ಹೆಣ್ಣುಮಗಳು. ಹಿಂಡು ಹಿಂಡು ಕುರಿಗಳನ್ನು ಕೂಗಿ ತಿರುಗಿಸಿದ ಗಂಟಲು. ಅವರು ಫೋನಿನಲ್ಲಿ ಮಾತಾಡಿದರೆ, ಫೋನ್ ಯಾಕೆ ಬೇಕಿತ್ತು ಅನ್ನಿಸುತ್ತಿತ್ತು.

ನಮ್ಮದು ವಿದೇಶಿ ನೆರವು ಸಂಸ್ಥೆಯೊಂದರ ಪುಟ್ಟ ಶಾಖೆ. ಮಳೆಯಿಲ್ಲದ ಹಳ್ಳಿಗಳಿಗೆ ಕುಡಿಯುವ ನೀರು, ಕುರಿಗಳಿಗೆ ಮೇವು ಮುಟ್ಟಿಸುವುದು ಕೆಲಸ. ಮೇಲ್ವಿಚಾರಕರು ಇಬ್ಬರು: ಅರ್ಧ ತಾಲ್ಲೂಕು ಅಕ್ಕನಿಗೆ, ಇನ್ನರ್ಧ ಯುರೋಪಿನಿಂದ ಬಂದ ತರುಣನಿಗೆ. ನಾನು ದುಭಾಷಿ. ಅವನನ್ನು ಅಕ್ಕ ‘ತಮ್ಮ’ ಎಂದೇ ಕರೆಯುತ್ತಿದ್ದರು. ಅದು ತನ್ನ ಹುದ್ದೆಯ ಕನ್ನಡ ಹೆಸರೆಂದು ನಂಬಿದ್ದ ಅವನು ಹಳ್ಳಿಗಳಲ್ಲಿ “ನಾನು ತಮ್ಮ” ಎಂದು ಕೈಮುಗಿಯುತ್ತಿದ್ದ.

ಒಂದು ಸಂಜೆ ಮಂಡಕ್ಕಿ ತಿನ್ನುತ್ತಾ ಅವನೇ ಬಾಯಿಬಿಟ್ಟ. ಅವನ ಸಂಬಳ ಅಕ್ಕನ ಸಂಬಳದ ಹಲವು ಪಟ್ಟು. ಸಾಲದ್ದಕ್ಕೆ, ಹಿರಿಯೂರಿನಲ್ಲಿ ಬದುಕುವುದಕ್ಕೆಂದು ‘ಕಷ್ಟಭತ್ಯೆ’ ಬೇರೆ. ಅದನ್ನು ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ಕೈಯಲ್ಲಿದ್ದ ಮೆಣಸಿನಕಾಯಿ ಬಜ್ಜಿ ಕೆಳಗಿಟ್ಟರು.

“ಹಿರಿಯೂರಾಗೆ ಇರೋದಕ್ಕೆ ದುಡ್ಡು ಕೊಡ್ತಾರಾ? ಹಂಗಾರೆ ನನಗೆ ಹುಟ್ಟಿದಾಗಿಂದ ಕೊಡಬೇಕಲ್ಲ!”

ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ. ನಾಚಿಕೊಂಡ ಅವನು, ತನ್ನ ಸಂಬಳದಲ್ಲೇ ಪಾಲು ಕೊಡುವುದಾಗಿ ಹೇಳಿದ.

“ನೀನು ಒಳ್ಳೇನು ಕಣಪ್ಪ. ಆದ್ರೆ ನಂಗೆ ದಾನ ಬ್ಯಾಡ, ಸಂಬಳ ಬೇಕು.”

ಮುಂದಿನ ತಿಂಗಳು ಮುಖ್ಯ ಕಚೇರಿಯಿಂದ ನಿರ್ದೇಶಕಿ ಬಂದರು. ಅಕ್ಕನ ಗುತ್ತಿಗೆ ಮುಗಿಯುವುದರಲ್ಲಿತ್ತು; ಮುಂದುವರಿಸುವವರೂ ಅವರೇ. “ಸುಮ್ನಿರ್ರಿ ಅಕ್ಕ, ಇರೋ ಕೆಲಸಾನೂ ಹೋಗ್ತೈತೆ” ಎಂದು ನಮ್ಮ ಕಚೇರಿಯ ಡ್ರೈವರ್ ಬೇಡಿಕೊಂಡ. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಭೆಯಲ್ಲಿ ಎದ್ದು ನಿಂತೇಬಿಟ್ಟರು.

“ಕಷ್ಟಾನ ಹೆಂಗೆ ಅಳೀತೀರಿ?”

ಬಿಸಿಲು, ಒಗ್ಗದ ಊಟ, ಮನೆಯಿಂದ ದೂರ ಎಂದು ನಿರ್ದೇಶಕಿ ವಿವರಿಸಿದರು.

“ಬಿಸಿಲು ನನ್ನ ಕಂಡ್ರೆ ಪಕ್ಕಕ್ಕೆ ಸರೀತೈತಾ? ಊಟ ಅಂದ್ರಾ, ನಮ್ಮ ಕ್ಯಾಂಟೀನಿನ ಉಪ್ಪಿಟ್ಟು ನನಗೂ ಒಗ್ಗಲ್ಲ. ಮನೆ ಬಿಟ್ಟು ಬಂದೋರಿಗೆ ಬಾಡಿಗೆ ಕೊಡ್ರಿ, ಊರಿಗೆ ಹೋಗಿಬರೋ ಖರ್ಚು ಕೊಡ್ರಿ, ಬ್ಯಾಡ ಅನ್ನಲ್ಲ. ಕೆಲಸ ಒಂದೇ ಆದ್ಮೇಲೆ ಕೂಲಿ ಯಾಕೆ ಎರಡು?”

“ಇವರದೊಂದು ನಮ್ರ ಸಲಹೆಯಿದೆ...” ಎಂದು ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ಅಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ನನ್ನ ದನಿಯಲ್ಲೇ ಹಿಡಿದರು.

“ಲೇ, ಬೆಲ್ಲ ಬೆರೆಸಬ್ಯಾಡ. ನಾನಂದಷ್ಟು ಹೇಳು.”

ಹೇಳಿದೆ. ಉಪ್ಪಿಟ್ಟನ್ನೂ ಬಿಡದೆ ಹೇಳಿದೆ.

ಆಗ ತಮ್ಮ ಎದ್ದು, “ಅಕ್ಕ ಹೇಳೋದು ಸರಿ” ಎಂದು ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿ ಅವರ ಪಕ್ಕ ನಿಂತ. ಆಮೇಲೆ ಡ್ರೈವರೂ ಎದ್ದ. ನೀರು ಕುಡಿಯಲು ಎದ್ದದ್ದು ಎಂದು ಅವನು ಇವತ್ತಿಗೂ ಸಾಧಿಸುತ್ತಾನೆ.

ನಿರ್ದೇಶಕಿ “ನೋಡೋಣ” ಎಂದು ಹೊರಟರು. ಗುತ್ತಿಗೆ ಮುಗಿಯಿತು, ಅಕ್ಕ ಮನೆಯಲ್ಲಿ ಕೂತರು. ಇತ್ತ ಕುರಿಗಾರರು ದಿನವೂ ಬಂದು “ಅಕ್ಕ ಎಲ್ರಿ?” ಎಂದು ತಮ್ಮನ ಪ್ರಾಣ ತಿಂದರು, ಅವನು ದಿನವೂ ಮುಖ್ಯ ಕಚೇರಿಯ ಪ್ರಾಣ ತಿಂದ. ಕೊನೆಗೆ ಹೊಸ ನಿಯಮ ಬಂತು: ಒಂದೇ ಕೆಲಸಕ್ಕೆ ಒಂದೇ ಸಂಬಳ, ದೂರದವರಿಗೆ ಬಾಡಿಗೆ ಮತ್ತು ಪ್ರಯಾಣದ ಖರ್ಚು ಮಾತ್ರ ಬೇರೆ. ಅಕ್ಕನೂ ಕೆಲಸಕ್ಕೆ ವಾಪಸ್ ಬಂದರು. ನಿವೃತ್ತಿಯವರೆಗೂ ಇದ್ದರು.

ಈಗ ನಾನೇ ಆಫ್ರಿಕಾದ ಒಂದು ಊರಿನಲ್ಲಿ, ಇನ್ನೊಂದು ಸಂಸ್ಥೆಯಲ್ಲಿ ಹೊರಗಿನವಳು. ಜೊತೆಗೆ ದುಡಿಯುವ ಸ್ಥಳೀಯನಿಗೆ ನನ್ನ ಸಂಬಳ ಎಷ್ಟೆಂದು ಮುಚ್ಚಿಡದೆ ಹೇಳಿದೆ. ಅವನ ಮುಖ ಸಪ್ಪಗಾಯಿತು. ನಾನು ಮಾತ್ರ ಹೆಮ್ಮೆಯಿಂದ ಅಕ್ಕನಿಗೆ ಫೋನ್ ಮಾಡಿದೆ.

“ಹೇಳ್ದೆ, ಸರಿ. ಆಮೇಲೆ?”

“ಆಮೇಲೆ... ಏನಿಲ್ಲ ಅಕ್ಕ.”

“ಸುಮ್ನೆ ಹೇಳಿ ಅವನ ಹೊಟ್ಟೆ ಉರಿಸಿದ್ಯಾ? ಅವನಿಗೂ ಅಷ್ಟೇ ಸಿಗೋ ತನಕ ನನಗೆ ಫೋನ್ ಮಾಡಬ್ಯಾಡ.” ಇಟ್ಟೇಬಿಟ್ಟರು.

ನಾಳೆ ಇಲ್ಲಿ ಸಭೆಯಿದೆ. ಅವನೂ ನಾನೂ ಒಟ್ಟಿಗೆ ಎದ್ದು ನಿಲ್ಲುವುದೆಂದು ಮಾತಾಗಿದೆ. ಅಕ್ಕನ ಜೊತೆ ಮಾತಾಡದೆ ಬಹಳ ದಿನವಾಯಿತು.