ತಂಗಿಯ ಕೈ ಮುರಿದಾಗ ಬಂದ ಹಲಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ನೆಲಕ್ಕೆ ನೀರು ಸುರಿದು ಗುಡಿಸುತ್ತಿದ್ದಾರೆ. ಮೂಲೆಯಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆ. ಒಳಗೆ ಗಾಲಿಕುರ್ಚಿಯಲ್ಲಿ ಕೂತ ಹೆಂಗಸು ಮೈಕಿನ ಗುಂಡಿ ಒತ್ತುವ ಮೊದಲು ಎಡಗೈಯಿಂದ ಪಕ್ಕೆಲುಬನ್ನು ಅದುಮಿ ಹಿಡಿಯುತ್ತಾರೆ, ಚೂರೇ ಚೂರು ಉಸಿರು ಎಳೆದುಕೊಳ್ಳುತ್ತಾರೆ. "ಪ್ರಯಾಣಿಕರ ಗಮನಕ್ಕೆ..." ತುಂಬಿದ, ನಿಧಾನವಾದ, ಎಲ್ಲೂ ನಡುಗದ ದನಿ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಹೇಳಿ ಮುಗಿಸಿ ಗುಂಡಿಯಿಂದ ಬೆರಳು ತೆಗೆದ ಮೇಲಷ್ಟೇ ನೋವಿಗೆ ಮುಖ ಕಿವಿಚುತ್ತಾರೆ.

"ನಿನ್ನೆ ಸೀನು ಬಂತು," ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಬಂದ ನನ್ನ ಕಡೆ ತಿರುಗಿ. "ನೀವು ಸೀನಿದ್ರೆ ಜನ ಶೀತ ಆಯ್ತಾ ಅಂತಾರೆ. ನಾನು ಸೀನಿದ್ರೆ ಎಲ್ಲಿ ಮುರೀತು ಅಂತ ಕೇಳ್ಬೇಕು."

ನಿಲ್ದಾಣದವರಿಗೆಲ್ಲ ಇವರು 'ಮೈಕಕ್ಕ'. ಊರಿನ ಅರ್ಧ ಜನಕ್ಕೆ ಈ ದನಿ ಗೊತ್ತು, ಮುಖ ಗೊತ್ತಿಲ್ಲ. ವಯಸ್ಸು ನಲವತ್ತು ದಾಟಿದೆ, ಎತ್ತರ ಶಾಲೆಗೆ ಹೋಗುವ ಮಗುವಿನಷ್ಟು. ಕಣ್ಣಿನ ಬಿಳಿ ಭಾಗಕ್ಕೆ ತೆಳು ನೀಲಿ ಬಣ್ಣ. ಸಣ್ಣ ಪೆಟ್ಟಿಗೂ, ಕೆಲವೊಮ್ಮೆ ಪೆಟ್ಟೇ ಇಲ್ಲದೆಯೂ ಮೂಳೆ ಮುರಿಯುವ ಹುಟ್ಟುಕಾಯಿಲೆ ಇವರದು. ತೊಟ್ಟಿಲಲ್ಲಿ ಇದ್ದಾಗಲೇ ತೊಡೆಯ ಮೂಳೆ ಮುರಿದಿತ್ತಂತೆ. ಬಾಲ್ಯವೆಲ್ಲ ಪ್ಲಾಸ್ಟರಿನೊಳಗೇ ಕಳೆಯಿತು. ಮಲಗಿದಲ್ಲೇ ರೇಡಿಯೋ ಕೇಳಿ, ವಾರ್ತೆ ಓದುವವರ ದನಿಯನ್ನು ಅನುಕರಿಸುತ್ತ ಬೆಳೆದರು. ಈ ಕೆಲಸಕ್ಕೆ ಬೇಕಾದದ್ದನ್ನು ಕಲಿತದ್ದು ಅಲ್ಲೇ.

ದೊಡ್ಡವರಾದ ಮೇಲೆ ಮೂಳೆ ಮುರಿಯುವುದು ಕಡಿಮೆಯಾಯಿತು. ಹಾಗಾಗಿ ಕಾಯಿಲೆ ಗುಣವಾಯಿತು ಎಂದು ನೆಂಟರಿಷ್ಟರು ತೀರ್ಮಾನಿಸಿಬಿಟ್ಟರು. ಆದರೆ ವಕ್ರವಾಗಿ ಕೂಡಿಕೊಂಡ ಕಾಲು, ಬಾಗಿದ ಬೆನ್ನು, ಸಡಿಲವಾದ ಕೀಲುಗಳು ದಿನವಿಡೀ ನೋಯುತ್ತವೆ. ಮಾತ್ರೆ ನುಂಗಿದರೆ ನೋವಿನ ಮೊನೆ ಮೊಂಡಾಗುತ್ತದೆಯೇ ಹೊರತು ನೋವು ಹೋಗುವುದಿಲ್ಲ. ಜಾಸ್ತಿ ನುಂಗಿದರೆ ತೂಕಡಿಕೆ ಬರುತ್ತದೆ, ಬಸ್ಸಿನ ಹೆಸರು ತಪ್ಪುತ್ತದೆ. ಅದಕ್ಕೇ ಕೆಲಸದ ಹೊತ್ತಿನಲ್ಲಿ ಅರ್ಧ ಮಾತ್ರೆ ಮಾತ್ರ.

"ಮುರಿದ್ರೆ ಎಕ್ಸ್‌ರೇಲಿ ಕಾಣುತ್ತೆ, ನಾಲ್ಕು ಜನ ಅಯ್ಯೋ ಅಂತಾರೆ. ಮುರೀದೆ ನೋಯೋದಕ್ಕೆ ಸಾಕ್ಷಿ ಎಲ್ಲಿಂದ ತರ್ಲಿ?"

ಇಂಥವರ ಬಗ್ಗೆ ಬರೆಯುವಾಗ ತಾಳ್ಮೆ, ಸಹನೆ ಎಂಬ ಮಾತುಗಳು ತಾವಾಗಿಯೇ ಪೆನ್ನಿಗೆ ಬಂದು ಕೂರುತ್ತವೆ. ಮೈಕಕ್ಕ ಮೊದಲೇ ತಡೆಯುತ್ತಾರೆ. "ಸಹನೆ ಗಿಹನೆ ಅಂತ ಬರೀಬೇಡಿ ಮತ್ತೆ. ನಾನು ಮಹಾ ಹೊಟ್ಟೆಕಿಚ್ಚಿನವಳು. ನೋಡಿ ಅಲ್ಲಿ." ಕಿಟಕಿಯಾಚೆ ನಿಂತ ಬಸ್ಸೊಂದರಲ್ಲಿ ಯಾರೋ ಬಾಯಿ ತೆರೆದು ನಿದ್ದೆಹೋಗಿದ್ದಾರೆ. "ಕಿಟಕಿಗೆ ತಲೆ ಆನಿಸಿ, ದಾರಿಯುದ್ದಕ್ಕೂ ಡಬಡಬ ಬಡಿಸ್ಕೊಂಡು ನಿದ್ದೆ ಮಾಡ್ತಾರಲ್ಲ, ಅದನ್ನ ಕಂಡ್ರೆ ನನ್ನ ಮೈಯೆಲ್ಲ ಉರಿಯುತ್ತೆ. ನಾನು ಮಂಚದ ಮೇಲೆ ಮಗ್ಗುಲು ಬದಲಿಸೋಕೂ ಲೆಕ್ಕಾಚಾರ ಹಾಕ್ಬೇಕು."

ಆದರೆ ಅವರ ಹೊಟ್ಟೆಕಿಚ್ಚಿನ ದೊಡ್ಡ ಪಾಲು ಸಂದಿರುವುದು ಒಡಹುಟ್ಟಿದ ತಂಗಿಗೆ.

ತಂಗಿ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಗಟ್ಟಿಮುಟ್ಟಾದ ಆಳು. ಬಾಗಿಲನ್ನು ಧಡಾರನೆ ಹಾಕುತ್ತಾರೆ, ಒದ್ದೆ ಬಟ್ಟೆಯ ಗಂಟನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತುತ್ತಾರೆ. ಮೈಕಿನ ಕೋಣೆಯ ಮುಂದೆ ಮೂರು ಮೆಟ್ಟಿಲುಗಳಿವೆ. ಕೆಲಸಕ್ಕೆ ಸೇರಿದಂದಿನಿಂದ ಅಕ್ಕನನ್ನು ಅವುಗಳ ಮೇಲೆ ಎತ್ತಿಕೊಂಡು ಹೋಗಿ ಕೂರಿಸುತ್ತಿದ್ದವರು ತಂಗಿಯೇ. ಬೇರೆಯವರು ಎತ್ತುವಂತಿಲ್ಲ. ಅವಸರದಲ್ಲಿ ಕಂಕುಳಿಗೆ ಕೈಹಾಕಿದರೆ ಪಕ್ಕೆಲುಬು ಲಟಕ್ಕೆಂದೀತು. "ಅವಳು ಎತ್ತುವಾಗೆಲ್ಲ ಅವಳ ತೋಳೇ ಕಣ್ಣೆದುರಿಗಿರುತ್ತೆ," ಎನ್ನುತ್ತಾರೆ ಮೈಕಕ್ಕ. "ಎಂಥಾ ತೋಳು! ಒಂದೇ ಹೊಟ್ಟೇಲಿ ಹುಟ್ಟಿದ್ದು, ನನಗ್ಯಾಕೆ ಕೊಡಲಿಲ್ಲ ಅಂತ ದಿನಾ ಅನ್ನಿಸೋದು. ಹಿಡ್ಕೊಂಡಿದ್ದೂ ಅದನ್ನೇ, ಶಪಿಸಿದ್ದೂ ಅದನ್ನೇ."

ಕಳೆದ ವರ್ಷ ಆ ತೋಳೇ ಮುರಿಯಿತು. ಲಾಂಡ್ರಿಯ ಒದ್ದೆ ನೆಲದಲ್ಲಿ ಜಾರಿ ಬಿದ್ದ ತಂಗಿಯ ಮುಂಗೈ ಮೂಳೆ ಎರಡು ತುಂಡಾಯಿತು.

ಮನೆ ಜನರಿಂದ ತುಂಬಿಹೋಯಿತು. ಲಾಂಡ್ರಿಯ ಹೆಂಗಸರು ಹಣ್ಣು ತಂದರು, ನೆರೆಯವರು ದಿಂಬು ತಂದರು. ತಂಗಿ ಬಾಯಿಬಿಟ್ಟು ಗೋಳಾಡಿದರು. ತಾಯಿ ಕಿರಿಮಗಳ ಮಂಚ ಬಿಟ್ಟು ಏಳಲಿಲ್ಲ, ತುತ್ತು ಮಾಡಿ ತಿನ್ನಿಸಿದರು. ಗೋಡೆಯಾಚೆಯ ಕೋಣೆಯಲ್ಲಿ ಮೈಕಕ್ಕ ಬೆನ್ನುನೋವಿನಿಂದ ಹಲ್ಲು ಕಚ್ಚಿ ಮಲಗಿದ್ದರು.

"ಒಂದು ಮೂಳೆ! ಒಂದೇ ಒಂದು! ಅದಕ್ಕೆ ಇಷ್ಟು ಉಪಚಾರ. ನನ್ನ ಮಂಚದ ಹತ್ರ ಯಾರಾದ್ರೂ ಕಿತ್ತಳೆ ಹಣ್ಣು ತಂದು ಎಷ್ಟು ಕಾಲ ಆಯ್ತು? ನಂದು ಎಲ್ಲರಿಗೂ ಅಭ್ಯಾಸ ಆಗಿಹೋಗಿತ್ತು. ಅವಳು ಅಮ್ಮಾ ಅಂತ ಕೂಗೋದು ಕೇಳಿ ನನಗೆ ಪಾಪ ಅನ್ನಿಸಲಿಲ್ಲ ಕಣ್ರೀ. ಹೀಗೆ ಬಾಯಿಬಿಟ್ಟು ಕೂಗೋ ಭಾಗ್ಯ ನನಗಿಲ್ವಲ್ಲ ಅನ್ನಿಸ್ತು. ಅಮ್ಮ ಹೆದರ್ತಾಳೆ ಅಂತ ಚಿಕ್ಕಂದಿನಲ್ಲೇ ಕೂಗೋದು ಬಿಟ್ಟಿದ್ದೆ."

ಮರುದಿನ ನಿಲ್ದಾಣಕ್ಕೆ ಆಟೋದಲ್ಲಿ ಬಂದರು. ಮೆಟ್ಟಿಲು ಹತ್ತಿಸುವವರಿಲ್ಲ. ನಿಲ್ದಾಣದ ಕಂಟ್ರೋಲರ್ ಓಡಿಬಂದು, "ನಾನು ಎತ್ತಲಾ ಅಕ್ಕಾ?" ಎಂದರು. ಬೇಡವೆಂದು ಮೈಕಕ್ಕ ಕೆಳಗಿನ ಮೆಟ್ಟಿಲ ಮೇಲೆ ಕೂತು, ಅಂಗೈ ಊರಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಒಂದೊಂದೇ ಮೆಟ್ಟಿಲು ಏರಿದರು. ಪ್ರಯಾಣಿಕರು ನಿಂತು ನೋಡಿದರು. ಮಣಿಕಟ್ಟಿನಲ್ಲಿ ಬೆಂಕಿ ಇಟ್ಟಂತಾಗಿತ್ತು. ಮೊದಲ ಬಸ್ಸಿನ ಘೋಷಣೆ ಮಾತ್ರ ಹೊತ್ತಿಗೆ ಸರಿಯಾಗಿ ಹೊರಟಿತು.

ಕಂಟ್ರೋಲರ್‌ಗೆ ಆ ನೋಟ ಸಹಿಸಲಾಗಲಿಲ್ಲ. ಎರಡು ದಿನದಲ್ಲಿ ಬಡಗಿಯನ್ನು ಕರೆಸಿ, ಮೆಟ್ಟಿಲ ಮೇಲೆ ಇಳಿಜಾರಾಗಿ ಅಗಲದ ಹಲಗೆ ಹಾಕಿಸಿದರು. ಗಾಲಿಕುರ್ಚಿ ತಳ್ಳಿಕೊಂಡು ನೇರ ಒಳಗೆ ಹೋಗಬಹುದು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

"ನನಗೆ ಬಂದ ಕೋಪ ಹೇಳತೀರದು. ಇಷ್ಟು ವರ್ಷ ನನ್ನ ಮೂಳೆ ಮುರಿದಾಗ ಬರದ ಹಲಗೆ, ಅವಳ ಕೈ ಮುರಿದ ಕೂಡ್ಲೇ ಬಂತು ನೋಡಿ! ಅದಕ್ಕೂ ಅವಳದೇ ಋಣ."

ಆ ಕೋಪವನ್ನೇ ಸಂಜೆ ಮನೆಗೆ ಒಯ್ದರು. ತಂಗಿಯ ಮಂಚದ ಪಕ್ಕ ಕುರ್ಚಿ ನಿಲ್ಲಿಸಿ, ತಾಯಿಯ ಎದುರೇ ಅಂದುಬಿಟ್ಟರು: "ನನಗೂ ಹೀಗೇ ನೋಯುತ್ತಮ್ಮ. ದಿನಾ ನೋಯುತ್ತೆ. ಇವತ್ತೂ ನೋಯ್ತಿದೆ."

ತಾಯಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ನೀನು ಹೇಳಲೇ ಇಲ್ವಲ್ಲೇ."

"ನೀನು ಕೇಳೋದು ಬಿಟ್ಟಿದ್ದೆ."

"ಕೇಳಿದ್ರೆ ನೀನು ಹೌದು ಅಂದುಬಿಟ್ರೆ ಏನ್ಮಾಡ್ಲಿ ಅಂತ ಹೆದರ್ತಿದ್ದೆ," ಎಂದು ತಾಯಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು.

ತಂಗಿ ಮಾತ್ರ ಅಳಲಿಲ್ಲ. ಪ್ಲಾಸ್ಟರಿನ ಕೈ ನೋಡಿಕೊಳ್ಳುತ್ತ ಹೇಳಿದ್ದು ಬೇರೆಯೇ ಮಾತು. "ಒಂದು ಹೇಳ್ಲಾ ಅಕ್ಕ? ಬೈಯಬೇಡ. ಬಿದ್ದಾಗ ನೋವಿನ ಜತೆ ಸ್ವಲ್ಪ ಖುಷಿನೂ ಆಯ್ತು. ಅಮ್ಮ ನನ್ನ ಪಕ್ಕ ಇಷ್ಟು ಹೊತ್ತು ಕೂತಿದ್ದು ನನಗೆ ನೆನಪೇ ಇಲ್ಲ. ಚಿಕ್ಕವಳಿದ್ದಾಗ ಅಮ್ಮನ ತೊಡೆ ಯಾವಾಗ್ಲೂ ನಿಂದೇ. ನನಗೆ ಸಿಕ್ಕಿದ್ದು ಒಂದೇ ಮಾತು: ಮೆಲ್ಲಗೆ, ಅಕ್ಕನಿಗೆ ತಾಗೀತು. ನಿನ್ನ ಪ್ಲಾಸ್ಟರ್ ನೋಡಿ ನನಗೂ ಒಂದು ಬೇಕು ಅಂತ ಹಟ ಮಾಡಿದ್ದೆ, ಗೊತ್ತಾ?"

ಮೈಕಕ್ಕನಿಗೆ ಗೊತ್ತಿರಲಿಲ್ಲ. "ಇವಳಿಗೂ ನನ್ನ ಕಂಡ್ರೆ ಹೊಟ್ಟೆಕಿಚ್ಚು! ನನ್ನ ಹತ್ರ ಕಿಚ್ಚುಪಡೋಕೆ ಏನಿದೆ ಅಂತ ನಗು ಬಂತು. ನಕ್ರೆ ಪಕ್ಕೆ ನೋಯುತ್ತೆ, ಆದ್ರೂ ನಕ್ಕೆ. ಅವಳೂ ನಕ್ಕಳು." ಆಮೇಲೆ ಅಕ್ಕನೇ ತಂಗಿಗೆ ಪಾಠ ಹೇಳಿದರು. ಮುರಿದ ಕೈ ಎದೆಗಿಂತ ಎತ್ತರವಿರುವಂತೆ ದಿಂಬು ಹೇಗಿಡಬೇಕು, ನೋವು ಏರದಂತೆ ಮಾತ್ರೆ ಯಾವಾಗ ನುಂಗಬೇಕು, ಪ್ಲಾಸ್ಟರಿನೊಳಗೆ ತುರಿಸಿದಾಗ ಮನಸ್ಸನ್ನು ಎಲ್ಲಿಗೆ ಕಳಿಸಬೇಕು.

ತಂಗಿಯ ಮೂಳೆ ಕೂಡಿಕೊಂಡಿತು. ಪ್ಲಾಸ್ಟರ್ ಬಿಚ್ಚಿದ ದಿನವೇ ಮತ್ತೆ ಬಾಗಿಲು ಧಡಾರೆಂದಿತು. ತಾಯಿ ಈಗ ದಿನಾ ಬೆಳಗ್ಗೆ ಹಿರಿಮಗಳ ಕೋಣೆಗೆ ಬಂದು "ಇವತ್ತು ಎಲ್ಲಿ?" ಎಂದು ಕೇಳುತ್ತಾರೆ. ಬೆನ್ನು ಎಂದರೆ ಬೆನ್ನಿಗೆ, ಕಾಲು ಎಂದರೆ ಕಾಲಿಗೆ ಬಿಸಿನೀರಿನ ಚೀಲ ಇಡುತ್ತಾರೆ. ಅದರಿಂದ ನೋವೇನೂ ಹೋಗಿಲ್ಲ. "ಒಬ್ಬಳೇ ಹೊರೋದು ತಪ್ಪಿದೆ," ಎನ್ನುತ್ತಾರೆ ಮೈಕಕ್ಕ.

ಹಾಗಾದರೆ ಹೊಟ್ಟೆಕಿಚ್ಚು ಆರಿತೇ ಎಂದು ಕೇಳುತ್ತೇನೆ.

"ಎಲ್ಲಿಂದ ಆರುತ್ತೆ? ಅವಳಿಗೆ ಕೆಲವೇ ವಾರಕ್ಕೆ ವಾಸಿ ಆಯ್ತಲ್ಲ, ಅದಕ್ಕೂ ಉರೀತು!" ನಗುತ್ತ ಪಕ್ಕೆ ಹಿಡಿದುಕೊಳ್ಳುತ್ತಾರೆ. ಹೊರಗೆ ಬಸ್ಸೊಂದು ಬಂದು ನಿಲ್ಲುತ್ತದೆ, ಕೈ ಗುಂಡಿಯತ್ತ ಹೋಗುತ್ತದೆ. ಒತ್ತುವ ಮೊದಲು ಒಂದು ಗಳಿಗೆ ತಡೆದು ಹೇಳುತ್ತಾರೆ:

"ನೋವು ಗೆದ್ದವಳು ಅಂತ ತಲೆಬರಹ ಹಾಕ್ಬೇಡಿ, ಗೆದ್ದಿಲ್ಲ. ಹೊಟ್ಟೆಕಿಚ್ಚಿನವಳು ಅಂತ ಬೇಕಾದ್ರೆ ಬರೀರಿ. ಆದ್ರೆ ನನ್ನಿಂದ ಯಾರಿಗೂ ಬಸ್ ತಪ್ಪಿಲ್ಲ. ಅದನ್ನೂ ಬರೀರಿ."