ಒಂಟಿಯಾಗಿ ಬಸ್ ಹತ್ತಿದ ಊರುಗೋಲು

ಹಾಸನದ ಈಶ್ವರಯ್ಯನವರಿಗೆ ಅಂಗಡಿ ಇಲ್ಲ. ಹೊಲಿಗೆ ಮಿಷಿನ್ ರಿಪೇರಿ ಮಾಡುವವರಿಗೆಲ್ಲ ಒಂದು ಅಂಗಡಿ, ಅದಕ್ಕೊಂದು ಬೋರ್ಡು, ಒಳಗೊಂದು ಸ್ಟೂಲು ಇರುತ್ತದೆ. ಇವರಿಗಿರುವುದು ಒಂದು ಖಾಕಿ ಚೀಲ, ಒಂದು ಊರುಗೋಲು ಮತ್ತು ವಾರದ ಲೆಕ್ಕಾಚಾರ. ಸೋಮವಾರ ಹೊಳೆನರಸೀಪುರ, ಬುಧವಾರ ಅರಕಲಗೂಡು, ಶುಕ್ರವಾರ ಚನ್ನರಾಯಪಟ್ಟಣ. ಕೆಲಸ ಉಳಿದರೆ ಅಲ್ಲಿಂದ ಮುಂದೆ ನುಗ್ಗೇಹಳ್ಳಿ, ಹಿರೀಸಾವೆ. ಮೂರು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಬಲಗಾಲು ಸೊರಗಿಹೋಯಿತು. ಈಗ ಅವರಿಗೆ ಅರವತ್ತೆರಡು.

"ಮಿಷಿನ್‌ಗೆ ನಾಲ್ಕು ಕಾಲೈತೆ, ಆದ್ರೂ ನನ್ನತ್ರ ಬರಕ್ಕಾಗಲ್ಲ. ನಂಗಿರೋದು ಒಂದೂಕಾಲು. ಅದ್ಕೇ ನಾನೇ ಓಗ್ತೀನಿ" ಎನ್ನುತ್ತಾರೆ.

ಊರುಗೋಲು ಎಂದರೆ ಊರಿಕೊಂಡು ನಡೆಯುವ ಕೋಲು ಎಂದು ನಮ್ಮ ಕಾನ್ವೆಂಟಿನ ಕನ್ನಡ ಮೇಷ್ಟರು ಹೇಳಿಕೊಟ್ಟಿದ್ದರು. ಊರೂರು ತಿರುಗುವ ಕೋಲು ಎಂಬ ಅರ್ಥವನ್ನು ನಾನು ಕಲಿತದ್ದು ಈಶ್ವರಯ್ಯನವರಿಂದ.

ಅವರನ್ನು ಮೊದಲು ನೋಡಿದ್ದೂ ಆ ಕಾನ್ವೆಂಟಿನಲ್ಲೇ. ನಾನು ಏಳನೇ ಕ್ಲಾಸು. ಹೊಲಿಗೆ ಕೋಣೆಯಲ್ಲಿ ಏಳು ಮಿಷಿನ್‌ಗಳಿದ್ದವು, ಏಳಕ್ಕೂ ಏಳು ಕಾಯಿಲೆ. ಇಂಗ್ಲಿಷ್ ಬಿಟ್ಟು ಬೇರೆ ಮಾತು ಕಿವಿಗೆ ಬಿದ್ದರೆ ಸಿಸ್ಟರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಕೋಣೆಗೆ ಈಶ್ವರಯ್ಯ ಟಕ್, ಟಕ್ ಎಂದು ಬಂದು, ನೆಲದ ಮೇಲೆ ಕೂತು, ಸ್ಕ್ರೂಡ್ರೈವರ್‌ನ ತುದಿಯನ್ನು ಮಿಷಿನ್‌ಗೆ, ಹಿಡಿಯನ್ನು ತಮ್ಮ ಕಿವಿಗೆ ಇಟ್ಟುಕೊಂಡು, ಡಾಕ್ಟರರ ಗತ್ತಿನಲ್ಲಿ ಕಣ್ಣು ಮುಚ್ಚುತ್ತಿದ್ದರು.

"ಕೆಮ್ತಾ ಐತೆ ಸಿಸ್ಟರಮ್ಮ. ಎಣ್ಣೆ ಕುಡಿಸಿದ್ದೀನಿ. ಎರಡು ದಿನ ರಜ ಕೊಡಿ, ಇದ್ಕೂ, ಈ ಮಕ್ಳಿಗೂ."

ಸಿಸ್ಟರು ನಕ್ಕದ್ದನ್ನು ನಾವು ನೋಡಿದ್ದು ಆವತ್ತೊಂದೇ ದಿನ. ರಜ ಮಾತ್ರ ಸಿಗಲಿಲ್ಲ.

ಆಮೇಲೆ ರಜ ಬಂದಾಗಲೆಲ್ಲ ಅರಕಲಗೂಡಿನ ಅಜ್ಜಿಯ ಮನೆಗೆ ಹೊರಟರೆ ಅವರು ಬಸ್ಸಿನಲ್ಲಿ ಸಿಗುತ್ತಿದ್ದರು. ಆ ರೂಟಿನಲ್ಲಿ ಮಂಚಯ್ಯ ಎಂಬ ಕಂಡಕ್ಟರಿದ್ದರು. ಬಾಗಿಲ ಬಳಿ ಈಶ್ವರಯ್ಯ ಕಾಣಿಸಿದ ಕೂಡಲೇ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಮೊದ್ಲು ಆಸ್ತಿ ಅತ್ಲಿ, ಆಮೇಲೆ ಯಜಮಾನ್ರು" ಎಂದು ಚೀಲ ಎಳೆದುಕೊಂಡು, ಆಮೇಲೆ ಕೈ ಕೊಡುತ್ತಿದ್ದರು. ಬಸ್ಸಿಡೀ ಮಿಷಿನ್ ಎಣ್ಣೆಯ ವಾಸನೆ. ಇವತ್ತಿಗೂ ಯಾರ ಮನೆಯಲ್ಲಾದರೂ ಆ ವಾಸನೆ ಬಂದರೆ ನನಗೆ ಅಜ್ಜಿಯ ಮನೆಯ ಚಕ್ಕುಲಿ ನೆನಪಾಗುತ್ತದೆ.

ಮಂಚಯ್ಯ ನಿವೃತ್ತರಾದರು, ಅಜ್ಜಿಯೂ ಹೋದರು. ಬಸ್ಸುಗಳ ಬಣ್ಣ ಬದಲಾಯಿತು, ಮೆಟ್ಟಿಲ ಎತ್ತರ ಬದಲಾಗಲಿಲ್ಲ. ಬಾಗಿಲ ಹಿಂದಿನ ಸೀಟಿನ ಮೇಲೆ 'ಅಂಗವಿಕಲರಿಗೆ' ಎಂದು ಬರೆದದ್ದು ಅರ್ಧ ಅಳಿಸಿಹೋಗಿದೆ. ಉಳಿದರ್ಧವನ್ನು ಅಲ್ಲಿ ಕೂತವರ ತಲೆ ಮುಚ್ಚಿರುತ್ತದೆ. ನಮ್ಮ ಕಡೆ ಸೀಟು ಸಿಗುವುದು ಬರಹದಿಂದಲ್ಲ, ಬಟ್ಟೆಯಿಂದ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ಲೋ ಕರ್ಚೀಫೋ ಒಳಗೆ ಬೀಳುತ್ತದೆ. ಬಟ್ಟೆ ಬಿದ್ದ ಸೀಟು ಬಟ್ಟೆ ಹಾಕಿದವರದು. ಬಸ್ಸಿಗೆ ಓಡಲಾಗದ ಈಶ್ವರಯ್ಯನವರು ಟವಲಿನ ಬದಲು ಊರುಗೋಲನ್ನೇ ಕಿಟಕಿಯೊಳಗೆ ತೂರಿಸುತ್ತಿದ್ದರು. ಕಂಕುಳಿಗೆ ಕೊಡುವ ತುದಿಗೆ ಬಟ್ಟೆ ಸುತ್ತಿ, ಉದ್ದಕ್ಕೂ ಟೈಲರ್ ಟೇಪು ಅಂಟಿಸಿದ ಆ ಕೋಲನ್ನು ಎತ್ತಿಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಆಮೇಲೆ ಬಸ್ಸಿನ ಮೈಗೆ ಎರಡೂ ಕೈ ಊರಿ, ಗೋಡೆ ಹಿಡಿದು ನಡೆಯುವ ಮಗುವಿನಂತೆ, ಬಾಗಿಲವರೆಗೆ ಹೋಗುತ್ತಿದ್ದರು. ಕಾಲಕ್ಕೆ ತಕ್ಕ ಕೋಲ ಎನ್ನುತ್ತಾರಲ್ಲ, ಇದು ಕಾಲಿಗೆ ತಕ್ಕ ಕೋಲ.

ಮಗಳು ನಿಧಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಅವಳು ಶಾಲೆಯಲ್ಲಿ ಗಣಿತದ ಮೇಡಂ. ಎರಡು ವರ್ಷದ ಹಿಂದೆ ಅಪ್ಪ ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಜಾರಿ ಬಿದ್ದು ಮೊಣಕೈ ಮುರಿದುಕೊಂಡಾಗ ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ ಒಂದು ಮಳಿಗೆ ಗೊತ್ತುಮಾಡಿದಳು. "ಇನ್ನೊಂದು ಸಲ ಏನಾದ್ರೂ ಆಯ್ತು ಅಂದ್ರೆ ತಿರುಗಾಟ ಬಂದ್, ಅಂಗಡೀಲಿ ಕೂತ್ಕೋಬೇಕು" ಎಂದು ಅಪ್ಪನಿಂದ ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ಅವರಿಗೆ ಅಂಗಡಿಯೆಂದರೆ ಕಾಲಿಲ್ಲದ ಮಿಷಿನ್ ಇದ್ದ ಹಾಗೆ, ಕೂತಲ್ಲೇ ಕೂರಬೇಕು. ಎರಡು ವರ್ಷ ಅವರು ಹೆಜ್ಜೆ ಎಣಿಸಿ ನಡೆದರು.

ಹೋದ ಜೂನ್, ಒಂದು ಶುಕ್ರವಾರ. ಚನ್ನರಾಯಪಟ್ಟಣದಲ್ಲಿ ಸ್ನೇಹಲತಾ ನಡೆಸುವ ಹೊಲಿಗೆ ಕೇಂದ್ರದಲ್ಲಿ ಶಾಲೆಯ ಯೂನಿಫಾರ್ಮ್ ರಾಶಿ ಬಿದ್ದಿತ್ತು. ಎರಡು ಮಿಷಿನ್ ಮುಷ್ಕರ ಹೂಡಿದ್ದವು. ಹಾಸನದ ನಿಲ್ದಾಣದಲ್ಲಿ ಈಶ್ವರಯ್ಯ ಎಂದಿನಂತೆ ಕಿಟಕಿಯೊಳಗೆ ಕೋಲು ತೂರಿಸಿ, ಬಸ್ಸಿನ ಮೈ ಹಿಡಿದು ಹೊರಟರು. ಯಾರೋ ಮೂಟೆ ಹೊತ್ತವರು ತಾಗಿದರು. ವಾಲಿದ ಈಶ್ವರಯ್ಯ ಬೀಳದಿರಲು ಅಂಗೈಯಿಂದ ತಗಡನ್ನು ಹೊಡೆದರು. ಢಬ್, ಢಬ್.

ಬಸ್ಸಿನ ಮೈಗೆ ಎರಡು ಪೆಟ್ಟು ಬಿದ್ದರೆ ಏನರ್ಥ ಎಂದು ನಮ್ಮ ಜಿಲ್ಲೆಯ ಹಸುಗೂಸಿಗೂ ಗೊತ್ತು: ರೈಟ್, ಹೊರಡು. ಡ್ರೈವರು ಹೊರಟ.

ನಿಲ್ದಾಣದ ಕಂಬ ಹಿಡಿದು ನಿಂತ ಈಶ್ವರಯ್ಯ, ತಮ್ಮ ಕೋಲು ತಮ್ಮನ್ನು ಬಿಟ್ಟು ಗೇಟು ದಾಟುವುದನ್ನು ನೋಡಿದರು. ನಿಲ್ದಾಣದಲ್ಲಿ ಸೌತೆಕಾಯಿ ಮಾರುವ ಬೆಟ್ಟಮ್ಮ ಕೂಗಿದಳು:

"ಏನ್ ಈಸ್ವರಣ್ಣ, ನೀನೇ ರೈಟ್ ಕೊಟ್ಟು ಕಳಿಸ್ಬುಟ್ಟಲ್ಲಾ! ಮಗ್ಳಿಗೆ ಪೋನ್ ಮಾಡ್ಲಾ?"

"ಬ್ಯಾಡ ಕಣವ್ವ, ದಮ್ಮಯ್ಯ! ಅವ್ಳಿಗೆ ಗೊತ್ತಾದ್ರೆ ನನ್ ಕತೆ ಮುಗೀತು. ಇನ್ನೊಂದು ಬಸ್ ಬತ್ತದೆ, ಓಗ್ಬುಡ್ತೀನಿ."

"ಏನ್ ಇಡ್ಕಂಡು ಓಗ್ತೀಯ, ನನ್ ತಲೇನಾ?"

ಬೆಟ್ಟಮ್ಮ ಎದ್ದು, ತನ್ನ ದೊಡ್ಡ ಛತ್ರಿಗೆ ಆಸರೆಯಾಗಿದ್ದ ಬಿದಿರು ಗಳುವನ್ನೇ ಕಿತ್ತು ಕೊಟ್ಟಳು. ಛತ್ರಿ ಮಡಚಿಕೊಂಡಿತು.

"ಓಗು ಓಗು. ಬಿಸ್ಲು ನಂಗೇನ್ ಒಸದಾ?"

ಅತ್ತ ಮೊದಲನೇ ಬಸ್ಸು ಚನ್ನರಾಯಪಟ್ಟಣ ಮುಟ್ಟಿತು. ಬಸ್‌ಸ್ಟ್ಯಾಂಡಿಗೆ ಎದುರುಗೊಳ್ಳಲು ಬಂದಿದ್ದ ಸ್ನೇಹಲತಾ ನೋಡುತ್ತಾಳೆ, ಕಂಡಕ್ಟರು ಈಶ್ವರಯ್ಯನವರ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತಿದ್ದಾನೆ. ಹಿಂದೆ ಯಾರೂ ಇಲ್ಲ. ಈಶ್ವರಯ್ಯನವರ ಮೊಬೈಲಿಗೆ ಮಾಡಿದಳು. ಅದು ಚೀಲದ ತಳದಲ್ಲಿ ದಾರದ ಬಾಬಿನ್‌ಗಳ ನಡುವೆ ಒದ್ದಾಡಿ ಸುಮ್ಮನಾಯಿತು. ಗಾಬರಿಯಾಗಿ ನಿಧಿಗೆ ಮಾಡಿದಳು:

"ಮೇಡಂ, ಕೋಲು ಬಂತು. ನಿಮ್ಮಪ್ಪಾಜಿ ಬಂದಿಲ್ಲ!"

ನಿಧಿ ಕ್ಲಾಸು ಬಿಟ್ಟು ಓಡಿದಳು. ನಿಲ್ದಾಣದಲ್ಲಿ, ತಲೆಗೆ ಸೆರಗು ಹೊದ್ದು ಬಿಸಿಲಲ್ಲಿ ಕೂತಿದ್ದ ಬೆಟ್ಟಮ್ಮ ಒಂದಕ್ಷರ ಬಿಡದೆ ಎಲ್ಲ ಹೇಳಿದಳು. "ಏಳ್ಬ್ಯಾಡ ಅಂದಿದ್ದ ಕಣವ್ವ, ನಾ ಏಳ್ದೆ ಅನ್ಬ್ಯಾಡ" ಎಂದೂ ಸೇರಿಸಿದಳು.

ನಿಧಿ ಹೊಲಿಗೆ ಕೇಂದ್ರ ತಲುಪಿದಾಗ ಅಪ್ಪ ನೆಲದ ಮೇಲೆ ಕೂತು, ಸ್ಕ್ರೂಡ್ರೈವರ್ ಕಿವಿಗಿಟ್ಟು, ಕಣ್ಣು ಮುಚ್ಚಿದ್ದರು. ಸುತ್ತ ಏಳೆಂಟು ಹೆಂಗಸರು ಉಸಿರು ಹಿಡಿದು ನಿಂತಿದ್ದರು. ಗೋಡೆಗೆ ಎರಡು ಕೋಲು ಒರಗಿದ್ದವು, ಒಂದು ಅಪ್ಪನದು, ಒಂದು ಛತ್ರಿಯದು. ಮಿಷಿನ್ ಕರ್ರೆಂದು ಓಡಿತು. ಈಶ್ವರಯ್ಯ ಕಣ್ಣು ಬಿಟ್ಟರು.

"ಕ್ಲಾಸಿಲ್ವೇನಮ್ಮಾ?"

"ಬಿದ್ರಾ ಅಪ್ಪಾಜಿ?"

"ಬೀಳ್ಲಿಲ್ಲ. ಬಸ್ ಬಿಟ್ಬುಡ್ತು."

"ಬಿಟ್ಟಿದ್ದು ನೀವೇ ಅಂತೆ. ಬೆಟ್ಟಮ್ಮ ಹೇಳಿದ್ರು. ಮಾತು ಮಾತೇ ಅಲ್ವಾ? ಸೋಮವಾರದಿಂದ ಅಂಗಡಿ."

ಈಶ್ವರಯ್ಯ ಒಂದೊಂದೇ ಸಾಮಾನನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕತೊಡಗಿದರು. ದಿನಾ ಹಾಗೆ ಒರೆಸುವವರಲ್ಲ ಅವರು.

ಸಂಜೆ ವಾಪಸು ಸಿಕ್ಕಿದ್ದು ಬೆಳಗಿನ ಬಸ್ಸೇ. ಕಂಡಕ್ಟರು ಇವರನ್ನು ನೋಡಿ ಬಾಗಿಲಲ್ಲೇ ಕೈಮುಗಿದ.

"ನಿಮ್ಮ ಕೋಲು ಚೆನ್ನಾಗಿ ಕೂತ್ಕಂಡು ಬಂತು ಬುಡಿ, ಯಜಮಾನ್ರೇ! ಬಸ್ ತುಂಬಿತ್ತು. ಶಾಂತಿಗ್ರಾಮದಲ್ಲಿ ಇನ್ನೂ ಇಪ್ಪತ್ತು ಜನ ಅತ್ತುದ್ರು. ಒಬ್ರಾದ್ರೂ ಅಲ್ಲಿ ಕೂರ್ಬೇಕಲ್ಲ! ನಾನೇ ತೆಗೀರಿ ಅಂದ್ರೆ, ಒಂದಜ್ಜಿ ನಂಗೇ ಬೈತು. 'ಮಿಷಿನ್ ಈಸ್ವರಯ್ನೋರ್ ಸೀಟದು, ಮುಂದೆ ಎಲ್ಲೋ ಅತ್ತಾರೆ, ಮುಟ್ಬ್ಯಾಡ' ಅಂತು. ಅಜ್ಜಿ ಕೊನೇವರ್ಗೂ ನಿಂತ್ಕಂಡೇ ಬಂತು ಮೇಡಂ."

ನಿಧಿ ಹಾಸನದಲ್ಲಿ ಇಳಿದು ಬೆಟ್ಟಮ್ಮನ ಗಳುವನ್ನು ತಾನೇ ನೆಟ್ಟು ಛತ್ರಿ ಬಿಡಿಸಿಕೊಟ್ಟಳು. ಮಾರನೇ ದಿನ ಎಲ್ಲಿಗೋ ಹೋಗಿ ಬಂದು, ಅಪ್ಪನ ಮುಂದೆ ಹೊಸದೊಂದು ಊರುಗೋಲು ಇಟ್ಟಳು.

"ಹಳೇದು ಸೀಟಿಗೆ. ಇದು ನಿಮಗೆ. ಮಳಿಗೆಯವರಿಗೆ ಬೇಡ ಅಂದಿದ್ದೀನಿ. ಇನ್ನೊಂದು ಸಲ ಬಸ್ಸಿಗೆ ಬಡಿದ್ರೆ ನೋಡಿ!"

ಕಳೆದ ಸೋಮವಾರ ನಾನು ಹೊಳೆನರಸೀಪುರದ ಬಸ್ಸಿನಲ್ಲಿದ್ದೆ. ಕಿಟಕಿಯಿಂದ ಟೇಪು ಅಂಟಿಸಿದ ಕೋಲೊಂದು ಒಳಗೆ ಬಂದು ನನ್ನ ಮುಂದಿನ ಸೀಟಿನ ಮೇಲೆ ಮಲಗಿತು. ಎಣ್ಣೆಯ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಟಕ್, ಟಕ್ ಎಂದು ಈಶ್ವರಯ್ಯನವರೇ ಬಂದು ಕೂರಲು ಹೋದರು. ಪಕ್ಕದಲ್ಲಿ ನಿಂತಿದ್ದಾತ ಅಡ್ಡ ಕೈ ಹಿಡಿದ.

"ಅಲ್ಲಿ ಕೂರ್ಬ್ಯಾಡಿ ಯಜಮಾನ್ರೇ. ಯಾರೋ ಕಾಲಿಲ್ದೋರ್ದು, ಕೋಲ್ ಮಡಗವ್ರೆ. ನಿಮ್ಗಾದ್ರೆ ಕೈಲೊಂದೈತೆ. ಪಾಪ, ಅವ್ರು ಅದೆಂಗ್ ಬತ್ತಾರೋ!"

"ಬತ್ತಾರೆ ಬುಡಪ್ಪ" ಎಂದರು ಈಶ್ವರಯ್ಯ, ಕೋಲನ್ನು ಪಕ್ಕಕ್ಕೆ ಸರಿಸಿ ಕೂರುತ್ತಾ. "ನಲವತ್ತು ವರ್ಷದಿಂದ ಬತ್ತಾ ಅವ್ರೆ."